ಪರರ ಕಡತ ಕಾಯುವ ಕಸುಬು

ಹೊಲ ಕಾಯುವವರಿದ್ದಾರೆ, ತೋಟ ಕಾಯುವವರಿದ್ದಾರೆ. ಆದರೆ ಬೇರೆಯವರ ಕಾಗದಪತ್ರ ಕಾದು, ಅದಕ್ಕೆ ತಿಂಗಳು ತಿಂಗಳೂ ಬಾಡಿಗೆ ಪಡೆಯುವ ಕಂಪನಿಗಳಿವೆ ಎಂದರೆ ಯಳಂದೂರು ತಾಲ್ಲೂಕಿನ ಹೊನ್ನೂರಿನಂಥ ಊರಿನ ಹಿರಿಯರು ನಕ್ಕಾರು. ‘ಕೆಲಸ ಮುಗಿದ ಕಾಗದಕ್ಕೂ ಬಾಡಿಗೆಯೇ?’ ಎಂದು ಕೇಳಿಯಾರು. ಆದರೆ ಅದೇ ಹಿರಿಯರ ಮನೆಯ ಟ್ರಂಕಿನ ತಳದಲ್ಲಿ ಜಮೀನಿನ ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ವಿಮೆಯ ಬಾಂಡು ಬಟ್ಟೆ ಸುತ್ತಿಕೊಂಡು ಭದ್ರವಾಗಿರುತ್ತವೆ. ಬೇಕಾದಾಗ ಆ ಹಾಳೆ ಸಿಗದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಖಾತೆ ಬದಲಾಗುವುದಿಲ್ಲ, ಪಿಂಚಣಿ ಮಂಜೂರಾಗುವುದಿಲ್ಲ, ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕುವುದಿಲ್ಲ.

ಒಂದು ಮನೆಗೇ ಇಷ್ಟು ಚಿಂತೆಯಾದರೆ ಲಕ್ಷಾಂತರ ಗ್ರಾಹಕರಿರುವ ಬ್ಯಾಂಕಿಗೆ, ವಿಮಾ ಕಂಪನಿಗೆ, ಆಸ್ಪತ್ರೆಗೆ ಎಷ್ಟಿರಬೇಡ? ಆ ಚಿಂತೆಯನ್ನು ಬಾಡಿಗೆಗೆ ವಹಿಸಿಕೊಳ್ಳುವುದೇ ದಾಖಲೆ ನಿರ್ವಹಣೆ ಎಂಬ ಉದ್ಯಮ. ಓದು ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರು ಇದನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಶಾನುಭೋಗರ ಕಡತ

ದಾಖಲೆ ಇಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ ಎಂಬ ಲೆಕ್ಕಪತ್ರ ಕಚೇರಿಗೇ ಒಂದು ಅಧ್ಯಾಯ ಮೀಸಲು. ಆ ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ಲೆಕ್ಕದ ಪುಸ್ತಕಗಳಿಗೆ ಅಲ್ಲಿ ಪ್ರತ್ಯೇಕ ಜಾಗವಿರಬೇಕು ಎಂಬವರೆಗೂ ಅಲ್ಲಿ ವಿವರವಿದೆ.

ಇಂದು ನಾವು ‘ಫೈಲು’ ಎನ್ನುವುದಕ್ಕೆ ಬಳಸುವ ‘ಕಡತ’ ಎಂಬ ಮಾತಿನ ಮೂಲವೂ ಸ್ವಾರಸ್ಯದ್ದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಊರಿನ ಲೆಕ್ಕ ಬರೆಯುವವರು ಶಾನುಭೋಗರು. ಬಹಳ ಕಾಲ ಆ ಲೆಕ್ಕ ಅವರ ಮನೆಯಲ್ಲೇ ಇರುತ್ತಿತ್ತು. ಪರರ ಆಸ್ತಿಯ ವಿವರವನ್ನು ತಮ್ಮ ಮನೆಯಲ್ಲಿ ಕಾಯುವ ಈ ಕೆಲಸದಲ್ಲಿ ಗೌರವವೂ ಇತ್ತು, ಅಧಿಕಾರವೂ ಇತ್ತು. ತಿದ್ದುವ ಅವಕಾಶವೂ ಇತ್ತು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಆ ಹುದ್ದೆಗಳು ರದ್ದಾದವು.

ನಮ್ಮ ಈ ಭಾಗದ ದಾಖಲೆಗಳಿಗಂತೂ ಹಲವು ಒಡೆಯರು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಎರಡೂ ಮೈಸೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಬಂದವು. ಕೊಳ್ಳೇಗಾಲದಿಂದ ಒಡೆದು ಹನೂರು ಬೇರೆ ತಾಲ್ಲೂಕಾಯಿತು. ಗಡಿ ಬದಲಾದಾಗಲೆಲ್ಲ ‘ಹಳೆಯ ಕಾಗದ ಎಲ್ಲಿದೆ?’ ಎಂಬ ಪ್ರಶ್ನೆ ಮತ್ತೆ ಹುಟ್ಟುತ್ತದೆ.

ಅಣಬೆ ಗುಹೆಯಿಂದ ಆರಂಭ

ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಅಮೆರಿಕದವರು. ನ್ಯೂಯಾರ್ಕ್ ರಾಜ್ಯದ ಹರ್ಮನ್ ನಾಸ್ಟ್ ಎಂಬಾತ ಅಣಬೆ ಬೆಳೆಗಾರ. 1936ರಲ್ಲಿ ಆತ ಅದಿರು ಮುಗಿದ ಒಂದು ಕಬ್ಬಿಣದ ಗಣಿಯನ್ನು ಅಣಬೆ ಬೆಳೆಯಲೆಂದು ಕೊಂಡ. ಮುಂದೆ ಅಣಬೆಯ ವ್ಯಾಪಾರ ಕುಸಿಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಣುಬಾಂಬಿನ ಭಯ. ‘ನಗರವೇ ಸುಟ್ಟುಹೋದರೆ ಯಾರ ಠೇವಣಿ ಎಷ್ಟು ಎಂದು ಬ್ಯಾಂಕಿಗೆ ತಿಳಿಯುವುದು ಹೇಗೆ?’ ಈ ಭಯವನ್ನೇ ಬಂಡವಾಳ ಮಾಡಿಕೊಂಡು ನಾಸ್ಟ್ 1951ರಲ್ಲಿ ತನ್ನ ಗಣಿಯನ್ನು ಕಾಗದ ಪತ್ರಗಳ ಉಗ್ರಾಣವಾಗಿಸಿದ. ಅವನ ಮೊದಲ ಗಿರಾಕಿ ನ್ಯೂಯಾರ್ಕಿನ ಒಂದು ಉಳಿತಾಯ ಬ್ಯಾಂಕು. ಆ ಕಂಪನಿಯೇ ‘ಐರನ್ ಮೌಂಟನ್’. ಈಗ ಸುಮಾರು 60 ದೇಶಗಳಲ್ಲಿ ಅದರ ವ್ಯವಹಾರವಿದೆ. ಬೆಂಗಳೂರಿನಲ್ಲೂ ಇದೆ.

ಪೆನ್ಸಿಲ್ವೇನಿಯಾದ ಬಾಯರ್ಸ್ ಎಂಬಲ್ಲಿ ಹಳೆಯ ಸುಣ್ಣಕಲ್ಲಿನ ಗಣಿಯೊಂದಿದೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರ ನಿವೃತ್ತಿ ಕಾಗದಗಳನ್ನು ದಶಕಗಳ ಕಾಲ ನೆಲದಡಿಯ ಆ ಗಣಿಯಲ್ಲೇ ಇಟ್ಟು, ಅಲ್ಲೇ ಪರಿಶೀಲಿಸಲಾಗುತ್ತಿತ್ತು.

ಹೆಸರಿಲ್ಲದ ಪೆಟ್ಟಿಗೆ

ಕೆಲಸ ನಡೆಯುವುದು ಹೀಗೆ. ಗಿರಾಕಿ ಕಂಪನಿಯ ಕಡತಗಳನ್ನು ಗಟ್ಟಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಾರೆ. ಒಂದೊಂದರಲ್ಲಿ ಸುಮಾರು ಎರಡು ಸಾವಿರ ಹಾಳೆ. ಯಾವ ಪೆಟ್ಟಿಗೆಯಲ್ಲಿ ಯಾವ ಕಡತ, ಅದನ್ನು ಎಂದಿನವರೆಗೆ ಇಡಬೇಕು ಎಂಬುದನ್ನು ಪಟ್ಟಿ ಮಾಡುತ್ತಾರೆ. ಪೆಟ್ಟಿಗೆಗೆ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ಒಳಗಿರುವುದು ಯಾರ ಕಾಗದ ಎಂದು ಹೊರಗಿನಿಂದ ತಿಳಿಯಬಾರದೆಂದು ಸಾಮಾನ್ಯವಾಗಿ ಹೆಸರು ಬರೆಯುವುದಿಲ್ಲ.

ಗೋದಾಮಿನಲ್ಲಿ ಛಾವಣಿಯವರೆಗೆ ಕಬ್ಬಿಣದ ಅಟ್ಟಣಿಗೆ. ಒಂದೇ ಕಂಪನಿಯ ಪೆಟ್ಟಿಗೆಗಳು ಒಂದೇ ಕಡೆ ಇರಬೇಕೆಂದಿಲ್ಲ. ಖಾಲಿ ಇರುವ ಕಡೆ ಇಡಬಹುದು. ಪೆಟ್ಟಿಗೆಯ ಬಾರ್‌ಕೋಡನ್ನೂ ಜಾಗದ ಬಾರ್‌ಕೋಡನ್ನೂ ಒಟ್ಟಿಗೆ ಓದಿಸಿದರೆ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಇದರಿಂದ ಜಾಗ ಉಳಿಯುತ್ತದೆ, ಕಳ್ಳನಿಗೂ ಕಷ್ಟ. ಆದರೆ ಆ ಓದಿಸುವ ಕೆಲಸದಲ್ಲಿ ಒಮ್ಮೆ ತಪ್ಪಿದರೆ ಮುಗಿಯಿತು. ಲಕ್ಷಗಟ್ಟಲೆ ಪೆಟ್ಟಿಗೆಗಳ ನಡುವೆ ತಪ್ಪು ಜಾಗದಲ್ಲಿರುವ ಪೆಟ್ಟಿಗೆ ಕಳೆದುಹೋದ ಪೆಟ್ಟಿಗೆಗೆ ಸಮ.

ವರಮಾನ ಬರುವುದು ಪೆಟ್ಟಿಗೆಯ ಮಾಸಿಕ ಬಾಡಿಗೆಯಿಂದ. ಕೇಳಿದಾಗ ತೆಗೆದುಕೊಡುವ, ಸಾಗಿಸುವ, ಸ್ಕ್ಯಾನ್ ಮಾಡುವ, ಕೊನೆಗೆ ಚೂರು ಚೂರು ಮಾಡಿ ‘ನಾಶಪಡಿಸಲಾಗಿದೆ’ ಎಂದು ಪ್ರಮಾಣಪತ್ರ ಕೊಡುವ ಶುಲ್ಕದಿಂದ. ನಗರದ ನಡುವಿನ ದುಬಾರಿ ಕಚೇರಿಯಲ್ಲಿ ಹಳೆಯ ಕಾಗದಕ್ಕೆ ಜಾಗ ಕೊಡುವುದಕ್ಕಿಂತ ಊರಾಚೆಯ ಗೋದಾಮಿನ ಬಾಡಿಗೆಯೇ ಅಗ್ಗ. ಇಡೀ ಉದ್ಯಮ ನಿಂತಿರುವುದು ಈ ಲೆಕ್ಕದ ಮೇಲೆ.

ಎಸೆಯಲು ಬಿಡದ ಕಾನೂನು

ಹಳೆಯದನ್ನು ಎಸೆದರಾಯಿತಲ್ಲ ಎನ್ನಬಹುದು. ಕಾನೂನು ಬಿಡುವುದಿಲ್ಲ. 2013ರ ಕಂಪನಿ ಕಾಯ್ದೆಯಂತೆ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಬೇಕು. ಬ್ಯಾಂಕುಗಳು ಗ್ರಾಹಕರ ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಕಾಪಾಡಬೇಕು. ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ.

ಅತ್ತ ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಡುವುದೂ ತಪ್ಪಾಗುವ ಕಾಲ ಬಂದಿದೆ. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಡ್ಡಿಯಿಲ್ಲದಿದ್ದರೆ, ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು ಎಂಬುದು ಸಂಸತ್ತು 2023ರಲ್ಲಿ ಅಂಗೀಕರಿಸಿದ ಮಾಹಿತಿ ಸಂರಕ್ಷಣಾ ಕಾಯ್ದೆಯ ಆಶಯ. ಮಾಹಿತಿಯನ್ನು ಸಂಸ್ಕರಿಸಲು ಬೇರೆಯವರಿಗೆ ವಹಿಸಿದರೂ ಜವಾಬ್ದಾರಿ ಮೂಲ ಕಂಪನಿಯದೇ ಎಂದೂ ಅದು ಹೇಳುತ್ತದೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು.

ಬೆಂಕಿ, ಗೆದ್ದಲು, ತೇವ

ಗೆದ್ದಲು, ಇಲಿ, ತೇವ ಕಾಗದದ ಹಳೆಯ ವೈರಿಗಳು. ಎಲ್ಲಕ್ಕಿಂತ ಭಯಂಕರವಾದುದು ಬೆಂಕಿ. 2014ರ ಫೆಬ್ರವರಿ 5ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಐರನ್ ಮೌಂಟನ್ ಗೋದಾಮಿಗೆ ಬೆಂಕಿ ಬಿದ್ದಾಗ ಗೋಡೆ ಕುಸಿದು, ಅಗ್ನಿಶಾಮಕರೂ ರಕ್ಷಣಾ ಕಾರ್ಯಕರ್ತರೂ ಸೇರಿ 10 ಮಂದಿ ಸತ್ತರು. ಎಲ್ಲರ ಕಾಗದವನ್ನೂ ಒಂದೇ ಸೂರಿನಡಿ ತಂದಿಟ್ಟರೆ ಅನುಕೂಲವೂ ದೊಡ್ಡದು, ಅಪಾಯವೂ ದೊಡ್ಡದು. ಆದ್ದರಿಂದಲೇ ಮುಖ್ಯ ದಾಖಲೆಗಳ ಪ್ರತಿಯನ್ನು ಬೇರೊಂದು ಊರಿನಲ್ಲಿ ಇಡುವುದು ಜಾಣತನ.

ಕಂಪ್ಯೂಟರ್ ಬಂದರೆ ಕೆಲಸ ಹೋದೀತೇ?

ಕರ್ನಾಟಕದ ‘ಭೂಮಿ’ ಯೋಜನೆ ಇದಕ್ಕೆ ಒಳ್ಳೆಯ ಪಾಠ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ಏರಿಸಲಾಯಿತು. ಕೈಬರಹದ ಪಹಣಿ ಹಿಂದೆ ಸರಿಯಿತು. ಆದರೆ ಅದರ ಹಿಂದಿನ ಮಂಜೂರಾತಿ ಕಡತ, ಪೋಡಿ ನಕ್ಷೆ, ಹಳೆಯ ರಿಜಿಸ್ಟರುಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಾಗದವಾಗಿಯೇ ಉಳಿದವು. ಅವನ್ನು ಸ್ಕ್ಯಾನ್ ಮಾಡಲು ‘ಭೂ ಸುರಕ್ಷಾ’ ಎಂಬ ಇನ್ನೊಂದು ಯೋಜನೆ 2024ರಲ್ಲಿ ಶುರುವಾಗಬೇಕಾಯಿತು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದ್ದರೂ ಉಯಿಲಿನಂಥ ಕೆಲವು ಪತ್ರಗಳಿಗೆ ಅದು ಅನ್ವಯಿಸದು. ಎಂದರೆ, ಕಾಗದ ಕಡಿಮೆಯಾದೀತು, ಸದ್ಯಕ್ಕೆ ಮಾಯವಾಗದು. ಪೆಟ್ಟಿಗೆ ಹೊರುವ ಕೆಲಸ ಕುಗ್ಗಬಹುದು. ವಿಂಗಡಿಸುವ, ಸೂಚಿ ತಯಾರಿಸುವ, ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸ ಬೆಳೆಯುತ್ತದೆ. ಹಳೆಯ ಕನ್ನಡ ಕೈಬರಹ ಓದಬಲ್ಲವರಿಗಂತೂ ಇಲ್ಲಿ ಬೆಲೆಯಿದೆ.

ಏನು ಓದಬೇಕು?

ಗೋದಾಮಿನ ಕೆಲಸಕ್ಕೆ ವಿಶೇಷ ಓದು ಬೇಡ. ಶಿಸ್ತು, ಕಂಪ್ಯೂಟರ್ ಪರಿಚಯ ಸಾಕು. ಆದರೆ ಮೇಲೇರಬೇಕಾದರೆ ತರಬೇತಿ ಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಆದವರು ಕರ್ನಾಟಕ ರಾಜ್ಯ ಪ್ಯಾರಾ ಮೆಡಿಕಲ್ ಮಂಡಳಿಯ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ ಬಗ್ಗೆ ವಿಚಾರಿಸಬಹುದು. ಆಸ್ಪತ್ರೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಪದವೀಧರರಿಗೆ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗ ಹತ್ತಿರವಿದೆ. ಇತಿಹಾಸ ಮುಂತಾದ ವಿಷಯಗಳಲ್ಲಿ ಎಂ.ಎ. ಮಾಡಿದವರಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಸೇರುವ ಮುನ್ನ ಆಯಾ ವರ್ಷದ ಅರ್ಹತೆ, ಶುಲ್ಕ ನೋಡಿಕೊಳ್ಳಬೇಕು.

ತಂದೆ ತಾಯಂದಿರಿಗೆ ಒಂದು ಮಾತು. ಈ ಕೆಲಸದಲ್ಲಿ ಥಳಕಿಲ್ಲ, ಆರಂಭದ ಸಂಬಳವೂ ಎಲ್ಲ ಕಡೆ ದೊಡ್ಡದಲ್ಲ. ಆದರೆ ಬಾಯಿ ಬಿಗಿಹಿಡಿಯುವ ಗುಣ, ಇಟ್ಟದ್ದನ್ನು ಇಟ್ಟಲ್ಲೇ ಹುಡುಕಿಕೊಡುವ ಅಚ್ಚುಕಟ್ಟುತನ ಇದ್ದವರಿಗೆ ನೆಲೆ ಸಿಗುತ್ತದೆ. ಪರರ ಗುಟ್ಟು ಕೈಯಲ್ಲಿದ್ದರೂ ಇಣುಕಿ ನೋಡದ ಸಂಯಮವನ್ನು ಯಾವ ಕೋರ್ಸೂ ಕಲಿಸದು. ಅದು ಮನೆಯಲ್ಲೇ ಬರಬೇಕು.

ಮನೆಯಲ್ಲೇ ಶುರು ಮಾಡಿ

ಅಭ್ಯಾಸಕ್ಕೆ ಮನೆಯ ಟ್ರಂಕೇ ಸಾಕು. ಮಕ್ಕಳಿಂದಲೇ ಎಲ್ಲ ಕಾಗದಗಳನ್ನು ವಿಂಗಡಿಸಿಸಿ: ಜಮೀನು, ಓದು, ವಿಮೆ, ಆಸ್ಪತ್ರೆ. ಪ್ರತಿ ಲಕೋಟೆಗೂ ಒಂದು ಸಂಖ್ಯೆ, ಮೇಲೊಂದು ಪಟ್ಟಿ. ಯಾರಾದರೂ ಒಯ್ದರೆ ಆ ಜಾಗದಲ್ಲಿ ಹೆಸರು, ತಾರೀಖು ಬರೆದ ಚೀಟಿ. ಅಂಕಪಟ್ಟಿಯಂಥವನ್ನು 2015ರಲ್ಲಿ ಆರಂಭವಾದ ಸರ್ಕಾರದ ಡಿಜಿಲಾಕರ್‌ನಲ್ಲೂ ಪಡೆದಿಟ್ಟುಕೊಳ್ಳಿ. ಮಂಡಳಿ, ಇಲಾಖೆಗಳೇ ಅದರ ಮೂಲಕ ಕೊಟ್ಟ ದಾಖಲೆಗೆ ಮೂಲಪ್ರತಿಯಷ್ಟೇ ಮಾನ್ಯತೆಯಿದೆ; ನಾವೇ ಸ್ಕ್ಯಾನ್ ಮಾಡಿ ಹಾಕಿದ ಚಿತ್ರಕ್ಕೆ ಆ ಮಾನ್ಯತೆ ಇಲ್ಲ.

ಒಂದು ಭಾನುವಾರದ ಮಧ್ಯಾಹ್ನ ಈ ಕೆಲಸಕ್ಕೆ ಸಾಕು. ಮುಗಿಯುವ ಹೊತ್ತಿಗೆ ಮನೆಯ ಯಾವ ಕಾಗದ ಇಲ್ಲ ಎಂಬುದೂ ಗೊತ್ತಾಗಿರುತ್ತದೆ. ಅದರ ನಕಲಿಗೆ ಅರ್ಜಿ ಹಾಕಬೇಕಾದ್ದು ಈಗ. ಕಾಲೇಜಿನ ಕೌಂಟರಿನ ಮುಂದೆ ನಿಂತಾಗ ಅಲ್ಲ.