ಹಳೆಯ ಹೈಬ್ರಿಡ್ ಕಾರು: ವಿಳಿಂಜಂನಿಂದ ಆಫೀಸಿಗೆ ಓಡಾಡೋಕೆ ಲಾಭವೇ?



ಹೋದ ತಿಂಗಳ ಫೋನ್-ಇನ್‌ನಲ್ಲಿ ವಿಳಿಂಜಂನಿಂದ ಒಬ್ಬ ಅಕ್ಕ ಮಾತಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಊರು ಹುಬ್ಬಳ್ಳಿ ಕಡೆ. ಯಜಮಾನರಿಗೆ ಹೊಸ ಬಂದರಿನಲ್ಲಿ ಕೆಲಸ, ಇವರಿಗೆ ಟೆಕ್ನೋಪಾರ್ಕಿನಲ್ಲಿ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರೊಂದು ನೋಡೇವಿ, ಹದಿಮೂರೂವರೆ ಲಕ್ಷ ಹೇಳ್ಯಾರ. ಅದೇ ಗಾಡಿ ಬರೇ ಪೆಟ್ರೋಲಿಂದು, ಆಟೋಮ್ಯಾಟಿಕ್, ಹನ್ನೊಂದಕ್ಕ ಸಿಗತೈತಿ. ಊರಾಗ ಸೈಟ್ ತಗೋಳಾಕ ಕೂಡಿಟ್ಟ ರೊಕ್ಕ ಇದು. ಎರಡೂವರೆ ಲಕ್ಷ ಹೆಚ್ಚಿಗಿ ಹಾಕಬೇಕೋ ಬ್ಯಾಡೋ?" ಎಂದು ಕೇಳಿದ್ದರು. ಅಷ್ಟರಲ್ಲಿ ವಾರ್ತೆಯ ಹೊತ್ತಾಯಿತು, ಉತ್ತರ ಅರ್ಧಕ್ಕೇ ನಿಂತಿತು. ಆಮೇಲೆ ಇದೇ ಪ್ರಶ್ನೆ ಹಿಡಿದು ಇನ್ನೂ ಹಲವರು ಫೋನ್ ಮಾಡಿದರು. ಹಾಗಾಗಿ ಈ ಸಲದ ಪತ್ರದಲ್ಲಿ ಕೂತು ಲೆಕ್ಕ ಹಾಕೋಣ. ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸಬೇಕು. "ಇದಕ್ಕೆ ಚಾರ್ಜಿಂಗ್ ಎಲ್ಲಿ ಮಾಡಿಸೋದು?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ನಾವಿಲ್ಲಿ ಮಾತಾಡುತ್ತಿರುವ ಹೈಬ್ರಿಡ್‌ಗೆ ಪ್ಲಗ್ಗೇ ಇಲ್ಲ. ಪೆಟ್ರೋಲ್ ಹಾಕಿಸಬೇಕು, ಅಷ್ಟೇ. ಒಳಗೆ ಎಂಜಿನ್ ಜೊತೆ ಮೋಟಾರ್ ಇದೆ, ಒಂದು ಪುಟ್ಟ ಬ್ಯಾಟರಿ ಇದೆ. ಎಷ್ಟು ಪುಟ್ಟದು ಅಂದರೆ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್ ಗಾಡಿಗಳಲ್ಲಿ ಅದು ಒಂದು ಯೂನಿಟ್ ಕರೆಂಟೂ ಹಿಡಿಯುವುದಿಲ್ಲ, 0.76 ಯೂನಿಟ್ ಮಾತ್ರ. ನಮ್ಮ ಅಮ್ಮಂದಿರ ಸಾಸಿವೆ ಡಬ್ಬಿ ಇದ್ದ ಹಾಗೆ. ದೊಡ್ಡ ಗಂಟು ಅದರಲ್ಲಿರುವುದಿಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಬಂದಾಗ, ಸುಮ್ಮನೆ ಬಿಸಿಯಾಗಿ ಹೋಗಬೇಕಿದ್ದ ಶಕ್ತಿಯ ಚಿಲ್ಲರೆ ಅದಕ್ಕೆ ಬೀಳುತ್ತದೆ. ಸಿಗ್ನಲ್ ಬಿಟ್ಟು ಹೊರಡುವಾಗ, ಆಮೆಯಂತೆ ತೆವಳುವಾಗ ಅದೇ ಚಿಲ್ಲರೆ ಖರ್ಚಾಗುತ್ತದೆ, ಎಂಜಿನ್ ಆಫ್ ಆಗಿರುತ್ತದೆ. ದಿನಕ್ಕೆ ನೂರು ಸಲ ತುಂಬಿ ನೂರು ಸಲ ಖಾಲಿಯಾಗುವ ಡಬ್ಬಿ ಅದು.

ಇದರಿಂದಲೇ ಒಂದು ಮಾತು ಹೊರಡುತ್ತದೆ. ಬ್ರೇಕ್ ಒತ್ತುವ ಊರಲ್ಲಿ ಮಾತ್ರ ಹೈಬ್ರಿಡ್‌ಗೆ ಸಂಪಾದನೆ. ಒಂದೇ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಡಬ್ಬಿಗೆ ಬೀಳುವುದೂ ಕಡಿಮೆ, ತೆಗೆಯುವುದೂ ಕಡಿಮೆ.

ಇನ್ನೊಂದು ಗೊಂದಲ ಇದಕ್ಕಿಂತ ದುಬಾರಿ. ಹಳೆ ಕಾರಿನ ಜಾಹೀರಾತಿನಲ್ಲಿ "ಹೈಬ್ರಿಡ್" ಎಂದು ಬರೆದದ್ದೆಲ್ಲ ಹೈಬ್ರಿಡ್ ಅಲ್ಲ. 2015ರಲ್ಲಿ ಮಾರುತಿಯ ಸಿಯಾಜ್ ಡೀಸೆಲ್, ಅದರ ಹಿಂದೆಯೇ ಎರ್ಟಿಗಾ, ಎಸ್‌ಎಚ್‌ವಿಎಸ್ ಎಂಬ ಹೆಸರು ಹೊತ್ತು ಬಂದವು. ಆಮೇಲೆ ಸ್ಮಾರ್ಟ್ ಹೈಬ್ರಿಡ್ ಎಂಬ ಹೆಸರಿನಲ್ಲಿ ಪೆಟ್ರೋಲ್ ಗಾಡಿಗಳೂ ಬಂದವು. ಅವು ಮೈಲ್ಡ್ ಹೈಬ್ರಿಡ್. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸುತ್ತವೆ, ಹೊರಡುವಾಗ ಒಂಚೂರು ಕೈಹಿಡಿಯುತ್ತವೆ. ಬರೀ ಕರೆಂಟಿನಲ್ಲಿ ಒಂದು ಅಡಿಯೂ ಹೋಗಲಾರವು. ಒಳ್ಳೆಯ ಕಾರುಗಳೇ, ಆದರೆ ಹೈಬ್ರಿಡ್ ಎಂದು ಹೆಚ್ಚು ದುಡ್ಡು ಕೊಡುವಂಥವಲ್ಲ. ಗುರುತಿಸುವುದು ಸುಲಭ: ಕಾಲಿನ ಕೆಳಗೆ ನೋಡಿ. ಕ್ಲಚ್ ಇದ್ದರೆ ಅದು ಪೂರ್ಣ ಹೈಬ್ರಿಡ್ ಅಲ್ಲ. ಕ್ಲಚ್ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ. ಗಾಡಿ ಎಂಜಿನ್ ಸದ್ದಿಲ್ಲದೆ ತಾನೇ ಸರಿದು ಹೊರಡಬೇಕು.

ಹೈಬ್ರಿಡ್‌ಗಳು ನಮ್ಮ ದೇಶಕ್ಕೆ ಬಂದದ್ದು ಈಚೆಗೇನಲ್ಲ. ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಟೊಯೋಟಾ ಪ್ರಿಯಸ್ 2010ರಲ್ಲಿ ಬಂದವು. ಎರಡೂ ಕಡಿಮೆ ಮಾರಾಟವಾದವು. ಈಗ ಅಂಥದ್ದು ಅಗ್ಗಕ್ಕೆ ಸಿಕ್ಕರೂ ದಿನದ ಓಡಾಟಕ್ಕೆ ತೆಗೆದುಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಅದು ಹವ್ಯಾಸಿಗಳ ಗಾಡಿ. ಹಳೆ ಕಾರಿನ ಅಂಗಡಿಯಲ್ಲಿ ನಾವು ನಿಜವಾಗಿ ನೋಡುವಂಥವು 2022ರ ನಂತರದವು. ಆ ವರ್ಷ ಮೇನಲ್ಲಿ ಹೋಂಡಾ ಸಿಟಿ ಇ:ಎಚ್‌ಇವಿ, ಸೆಪ್ಟೆಂಬರ್‌ನಲ್ಲಿ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ, ಕೊನೆಗೆ ಇನೋವಾ ಹೈಕ್ರಾಸ್ ಬಂದವು. ಅಂದ ಹಾಗೆ ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗಿದ್ದು ನಮ್ಮ ಬಿಡದಿಯಲ್ಲಿ. ತಟ್ಟೆ ಇಡ್ಲಿ ಊರಿನ ಗಾಡಿ ಅಂತ ಒಂದು ಅಭಿಮಾನ ಇರಲಿ, ಆದರೆ ಅಭಿಮಾನಕ್ಕೆ ಎರಡೂವರೆ ಲಕ್ಷ ಜಾಸ್ತಿ.

ಈಗ ಲೆಕ್ಕ. ಕಂಪನಿಯವರು ಈ ಬಿಡದಿ ಜೋಡಿಗೆ ಹೇಳಿದ ಮೈಲೇಜು ಲೀಟರಿಗೆ 27.97 ಕಿ.ಮೀ. ಅದು ಪರೀಕ್ಷಾ ಕೋಣೆಯ ಅಂಕಿ. ಎಸಿ ಹಾಕಿ, ಮಗುವನ್ನು ಕೂರಿಸಿ, ಕೇರಳದ ಸೆಕೆಯಲ್ಲಿ ಓಡಿಸಿದರೆ 21-22 ಎಂದು ಹಿಡಿಯುವುದು ಕ್ಷೇಮ. ಪೆಟ್ರೋಲ್ 2025ರಲ್ಲಿ ತಿರುವನಂತಪುರದಲ್ಲಿ ಲೀಟರಿಗೆ 107 ರೂಪಾಯಿ ಆಸುಪಾಸಿನಲ್ಲಿತ್ತು, ಅದನ್ನೇ ಇಟ್ಟುಕೊಳ್ಳೋಣ. ವಿಳಿಂಜಂನಿಂದ ಟೆಕ್ನೋಪಾರ್ಕಿಗೆ ಬೈಪಾಸ್ ಹಿಡಿದರೆ ಹೋಗಿ ಬರಲು ಸುಮಾರು 46 ಕಿ.ಮೀ. ತಿಂಗಳಿಗೆ 24 ದಿನ. ಭಾನುವಾರದ ಸುತ್ತಾಟ ಸೇರಿಸಿದರೆ ವರ್ಷಕ್ಕೆ 15,000 ಕಿ.ಮೀ.

ಬೈಪಾಸ್ ಮೊದಲು ನೋಡಿ. ಕೋವಳಂ, ತಿರುವಲ್ಲಂ ಟೋಲ್ ದಾಟಿ ಈಂಜಕ್ಕಲ್, ಚಾಕ್ಕ, ಕಳಕ್ಕೂಟ್ಟಂ. ಈಂಜಕ್ಕಲ್‌ನಲ್ಲಿ ಒಂದಿಷ್ಟು ಸಿಕ್ಕಿಹಾಕಿಕೊಳ್ಳುತ್ತೀರಿ, ಉಳಿದಂತೆ ಗಾಡಿ ಓಡುತ್ತಲೇ ಇರುತ್ತದೆ. ಇಂಥ ದಾರಿಯಲ್ಲಿ ಮಾಮೂಲಿ ಪೆಟ್ರೋಲ್ ಆಟೋಮ್ಯಾಟಿಕ್ಕೂ 16 ಕೊಡುತ್ತದೆ, ಹೈಬ್ರಿಡ್ 22. ವರ್ಷಕ್ಕೆ ಉಳಿಯುವುದು ಸುಮಾರು 255 ಲೀಟರ್, ಅಂದರೆ 27,000 ರೂಪಾಯಿ. ಎರಡೂವರೆ ಲಕ್ಷ ವಾಪಸ್ ಬರಲು ಒಂಬತ್ತು ವರ್ಷ ಬೇಕು. ಅಷ್ಟರಲ್ಲಿ ಮಗು ಕಾಲೇಜಿಗೆ ಸೇರಿರುತ್ತದೆ.

ಅದೇ 15,000 ಕಿ.ಮೀ. ಊರೊಳಗಿನ ದಾರಿಯಲ್ಲಿ ಎಂದುಕೊಳ್ಳಿ. ಕಿಳಕ್ಕೇಕೋಟ, ಪಟ್ಟಂ, ಕೇಶವದಾಸಪುರಂ, ಉಳ್ಳೂರ್, ಶ್ರೀಕಾರ್ಯಂ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ಓಡಿಸಿದವರಿಗೆ ಗೊತ್ತು, ಓಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ಪೆಟ್ರೋಲ್ ಗಾಡಿ 13ಕ್ಕೆ ಇಳಿಯುತ್ತದೆ, ಹೈಬ್ರಿಡ್ 21ರ ಹತ್ತಿರವೇ ಇರುತ್ತದೆ. ಉಳಿತಾಯ 440 ಲೀಟರ್, 47,000 ರೂಪಾಯಿ. ಐದು ವರ್ಷ ದಾಟುವ ಹೊತ್ತಿಗೆ ದುಡ್ಡು ವಾಪಸ್. ಕೊಚ್ಚಿಯಲ್ಲಿ ವೈಟ್ಟಿಲ, ಇಡಪ್ಪಳ್ಳಿ ದಾಟಿ ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೋಗುವ ನಮ್ಮವರಿಗೂ ಈ ಎರಡನೇ ಲೆಕ್ಕವೇ ಹತ್ತಿರ. ವಾರವಾರ ತಿರುವನಂತಪುರದಿಂದ ಕೊಚ್ಚಿಗೆ ಇನ್ನೂರು ಕಿ.ಮೀ. ಹೋಗುವವರಿಗೆ ಹೆಚ್ಚಾಗಿ ಮೊದಲನೆಯದು.

ಈ ಅಂಕಿಗಳನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವರು ಒಂದು ಮಾತು ಸೇರಿಸಿದರು. ಬೆಳಗ್ಗೆ ಮಗಳನ್ನು ಪಟ್ಟಂ ಹತ್ತಿರದ ಶಾಲೆಗೆ ಬಿಟ್ಟು ಊರೊಳಗಿಂದಲೇ ಹೋಗುತ್ತಾರಂತೆ, ಸಂಜೆ ಬೈಪಾಸ್‌ನಲ್ಲಿ ವಾಪಸ್. ಮೊದಲೇ ಹೇಳಬಾರದಿತ್ತೇ ಅಕ್ಕಾ! ಅಲ್ಲಿಗೆ ಅರ್ಧ ಅರ್ಧ. ವರ್ಷಕ್ಕೆ ಉಳಿತಾಯ 37,000.

ಇಲ್ಲಿಗೆ ಬಂದ ಮೇಲೆ ಹೆಚ್ಚಿನವರು ಎರಡೂವರೆ ಲಕ್ಷವನ್ನು 37,000ದಿಂದ ಭಾಗಿಸಿ, ಆರೂಮುಕ್ಕಾಲು ವರ್ಷ, ಪರವಾಗಿಲ್ಲ ಎಂದು ಚೆಕ್ ಬರೆಯುತ್ತಾರೆ. ಹೊಸ ಕಾರಿಗೆ ಸರಿ, ಹಳೆ ಕಾರಿಗೆ ಅಲ್ಲ. ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ, ಮಾರುತಿ, ಹೋಂಡಾ ಮೂವರೂ ಕೊಟ್ಟ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಎರಡರಲ್ಲಿ ಯಾವುದು ಮೊದಲೋ ಅದು. ಅಕ್ಕ ನೋಡಿದ ಗಾಡಿ 2023ರ ಮಾರ್ಚ್‌ನದ್ದು, ಓಡಿದ್ದು 92,000. ಉಳಿದದ್ದು 68,000 ಕಿ.ಮೀ. ಇವರ ಓಡಾಟಕ್ಕೆ ಅದು ನಾಲ್ಕೂವರೆ ವರ್ಷ. ಆಮೇಲೆ ಬ್ಯಾಟರಿ ಕೈಕೊಟ್ಟರೆ ಖರ್ಚು ಇವರದ್ದೇ. ಕೈಕೊಟ್ಟೇ ಕೊಡುತ್ತದೆ ಎಂದಲ್ಲ, ಚೆನ್ನಾಗಿಯೇ ಬಾಳುವ ಬ್ಯಾಟರಿಗಳಿವು. ಆದರೆ ಸೈಟಿನ ದುಡ್ಡನ್ನು "ಬಹುಶಃ" ಎಂಬ ಪದದ ಮೇಲೆ ಇಡಬಾರದು.

ಹಾಗಾಗಿ ಲೆಕ್ಕವನ್ನು ತಿರುಗಿಸಿ ಹಾಕಿ. ವರ್ಷದ ಉಳಿತಾಯವನ್ನು ವಾರಂಟಿ ಉಳಿದಿರುವ ವರ್ಷಗಳಿಂದ ಗುಣಿಸಿ: 37,000 ಗುಣಿಸು ನಾಲ್ಕೂವರೆ, 1,66,500. ಹೈಬ್ರಿಡ್ ಎಂಬ ಕಾರಣಕ್ಕೆ ಆ ಗಾಡಿಗೆ ಕೊಡಬಹುದಾದ ಹೆಚ್ಚುವರಿ ಹಣ ಇಷ್ಟೇ. ಮರುಮಾರಾಟದಲ್ಲಿ ಒಂದಿಷ್ಟು ವಾಪಸ್ ಬರುವುದಿಲ್ಲವೇ ಎನ್ನುತ್ತೀರಿ. ಬರಬಹುದು. ವಾರಂಟಿ ಮುಗಿದ ಹೈಬ್ರಿಡ್‌ಗೆ ಕೊಳ್ಳುವವನು ಹೆಚ್ಚು ಕೊಡುತ್ತಾನೆಂದು ನಾನಂತೂ ನಂಬಿ ಕೂರುವುದಿಲ್ಲ. ಇನ್ನು ಹೆಚ್ಚುವರಿಯನ್ನು ಸಾಲ ಮಾಡಿ ಕೊಡುವುದಾದರೆ ಬಡ್ಡಿಯನ್ನೂ ಇದರಿಂದ ಕಳೆಯಿರಿ. ಹಳೆ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ.

"ಹಂಗಾರ ಬೆಂಗಳೂರಾಗ ತಗೊಂಡು ತರೂಣೇನು, ಅಲ್ಲಿ ಅಗ್ಗ ಐತಿ" ಎಂದೂ ಅಕ್ಕ ಕೇಳಿದರು. ತರಬಹುದು. ಆದರೆ ಕರ್ನಾಟಕದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಹೊಸ ನಂಬರು, ಕೇರಳದ ರಸ್ತೆ ತೆರಿಗೆ ಎಲ್ಲ ಆಗಬೇಕು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹಳೇ ನಂಬರಿನಲ್ಲೇ ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ವಾಪಸ್ ಕೇಳಬಹುದು, ಅದಕ್ಕೆ ತಾಳ್ಮೆ ಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಮೊದಲೇ ವಿಚಾರಿಸಿ, ಅದನ್ನು ಕಾರಿನ ಬೆಲೆಗೆ ಸೇರಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ರೈಲು ಹತ್ತಿ.

ಗಾಡಿ ಎಲ್ಲಿಯದಾದರೂ ನೀರು ಕುಡಿದದ್ದೇ ಎಂದು ನೋಡುವುದು ಮುಖ್ಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದು ಟಿವಿಯಲ್ಲಿ ನೋಡಿದ್ದೀರಿ. 2023ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲೂ ನೀರು ನುಗ್ಗಿತು, ಟೆಕ್ನೋಪಾರ್ಕಿನ ಸುತ್ತಮುತ್ತಲೂ. ಮಾಮೂಲಿ ಕಾರಿಗಿಂತ ಹೈಬ್ರಿಡ್‌ಗೆ ಈ ಪೆಟ್ಟು ಜೋರು, ಯಾಕೆಂದರೆ ಈ ಸಿಟಿ, ಹೈರೈಡರ್, ವಿಟಾರಾಗಳಲ್ಲಿ ದೊಡ್ಡ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯ ನೆಲದಲ್ಲಿ. (ಡಿಕ್ಕಿ ಚಿಕ್ಕದಾಗಿರುವುದೂ ಅದಕ್ಕೇ. ಊರಿಂದ ಅಕ್ಕಿ ಮೂಟೆ, ಕಾಯಿ ಚೀಲ ತರುವವರು ತೆರೆದು ನೋಡಿಯೇ ಒಪ್ಪಿಕೊಳ್ಳಿ.) ನೆಲದ ಹೊದಿಕೆ ಎತ್ತಿ ಮೂಸಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ವಿಮೆ ಕಾಗದದಲ್ಲಿ ನೋ ಕ್ಲೈಮ್ ಬೋನಸ್ ಇದ್ದಕ್ಕಿದ್ದಂತೆ ಸೊನ್ನೆಯಾಗಿದ್ದರೆ ಯಾಕೆಂದು ಕೇಳಿ.

ವಿಳಿಂಜಂನವರಿಗೆ ಉಪ್ಪುಗಾಳಿಯ ಕಾಟ ಬೇರೆ. ಗಾಡಿಯನ್ನು ಲಿಫ್ಟಿಗೆ ಏರಿಸಿ ಅಡಿಭಾಗದ ತುಕ್ಕು ನೋಡಿಸಿ. ಕೆಳಗೆ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಪರಿಚಯದ ಮೆಕ್ಯಾನಿಕ್ ಎಷ್ಟೇ ಜಾಣರಾದರೂ ಅದನ್ನು ಮುಟ್ಟುವುದು ಬೇಡ. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇದ್ದರೆ ಅದರಲ್ಲಿ ಧೂಳು, ನಾಯಿಕೂದಲು ತುಂಬಿದೆಯೇ ನೋಡಿ. ತಂಪಿಲ್ಲದೆ ಸೆಕೆಯಲ್ಲಿ ಬೆಂದ ಬ್ಯಾಟರಿ ಬೇಗ ಸೊರಗುತ್ತದೆ.

ಟೆಸ್ಟ್ ಡ್ರೈವ್‌ಗೆ ನಿಮ್ಮಲ್ಲೇ ಒಳ್ಳೆಯ ಜಾಗವಿದೆ. ಕೋವಳಂ ಜಂಕ್ಷನ್‌ನಿಂದ ಬೀಚಿಗೆ ಇಳಿಯುವ ರಸ್ತೆ. ಎಸಿ ಹಾಕಿಕೊಂಡೇ ಇಳಿಯಿರಿ, ಪರದೆಯ ಮೇಲಿನ ಬ್ಯಾಟರಿ ಗೆರೆಗಳು ಏರಬೇಕು. ಹತ್ತುವಾಗ ನಿಧಾನಕ್ಕೆ ಇಳಿಯಬೇಕು. ಎರಡೇ ನಿಮಿಷದಲ್ಲಿ ತುಂಬಿ ಎರಡೇ ನಿಮಿಷದಲ್ಲಿ ಬರಿದಾದರೆ, ನಿಂತಾಗಲೂ ಎಂಜಿನ್ ಮತ್ತೆ ಮತ್ತೆ ಏಳುತ್ತಿದ್ದರೆ ಅನುಮಾನಪಡಿ. ನಂತರ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹೈಬ್ರಿಡ್ ಬ್ಯಾಟರಿಯ ಪರೀಕ್ಷೆ ಮಾಡಿಸಿ. ಚಾಸಿ ನಂಬರ್ ಕೊಟ್ಟು, ವಾರಂಟಿ ಇನ್ನೂ ಇದೆಯೇ, ನಿಮ್ಮ ಹೆಸರಿಗೆ ಬಂದ ಮೇಲೂ ಇರುತ್ತದೆಯೇ, ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಬಾಯಿಮಾತು ಬೇಡ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಗ್ಗೆ ಕಂಪನಿ ಏನು ಹೇಳಿದೆ ಎಂದು ಅಲ್ಲೇ ಕೇಳಿಬಿಡಿ. 2023ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಈ ಪ್ರಶ್ನೆ ಮರೆಯಬೇಡಿ, ಅಕ್ಕನ ಗಾಡಿಯೂ ಆ ಸಾಲಿನದೇ.

ಮನೆಯಲ್ಲಿ ಸ್ವಂತ ಪಾರ್ಕಿಂಗ್, ಅಲ್ಲೊಂದು ಪ್ಲಗ್ ಪಾಯಿಂಟ್ ಇರುವವರಿಗೆ ಬೇರೆ ಮಾತು. ದಿನಕ್ಕೆ 46 ಕಿ.ಮೀ. ಎಂದರೆ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಹೇಳಿ ಮಾಡಿಸಿದ ಓಡಾಟ, ಅದನ್ನೂ ನೋಡಿಯೇ ತೀರ್ಮಾನಿಸಿ. ಅಕ್ಕನದು ಮೂರನೇ ಮಹಡಿಯ ಬಾಡಿಗೆ ಮನೆ, ಗಾಡಿ ನಿಲ್ಲುವುದು ರಸ್ತೆಯಲ್ಲಿ. ಅವರಿಗೆ ಅದು ಸದ್ಯಕ್ಕಿಲ್ಲ.

ಅಕ್ಕಾ, ನಿಮಗೆ ನನ್ನ ಉತ್ತರ ಇದು. ಬ್ಯಾಟರಿ ಪರೀಕ್ಷೆ ಸರಿ ಬಂದು, ಹದಿಮೂರೂವರೆ ಹನ್ನೆರಡು ಅರವತ್ತೈದಕ್ಕೆ ಇಳಿದರೆ ತೆಗೆದುಕೊಳ್ಳಿ. ಇಳಿಯದಿದ್ದರೆ ಹನ್ನೊಂದರ ಪೆಟ್ರೋಲ್ ಗಾಡಿಯೇ ಸಾಕು, ಉಳಿದ ಎರಡೂವರೆ ಲಕ್ಷ ಹುಬ್ಬಳ್ಳಿಯ ಸೈಟಿಗೆ ಹೋಗಲಿ. ಯಾವುದಾಯಿತು ಎಂದು ಒಂದು ಫೋನ್ ಮಾಡಿ ತಿಳಿಸಿ. ಕೊಚ್ಚಿಯಲ್ಲಿ ಹೈಬ್ರಿಡ್ ಓಡಿಸುತ್ತಿರುವ ಕೇಳುಗರು ತಮ್ಮ ಮೈಲೇಜು ಬರೆದು ಕಳಿಸಿ. ಪರದೆ ತೋರಿಸುವುದಲ್ಲ, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದು.