ಎಣಿಸುವವರು, ಬರೆದಿಡುವವರು

2019ರ ಜುಲೈ 23ರ ಸಂಜೆ ಎಚ್‌.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಯಾಚನೆ ಮತಕ್ಕೆ ಬಿತ್ತು. ವಿಧಾನಸಭೆಯ ಸದಸ್ಯರು ಸಾಲು ಸಾಲಾಗಿ ಎದ್ದು ನಿಂತರು. ಸಚಿವಾಲಯದ ಅಧಿಕಾರಿಗಳು ಒಂದೊಂದು ಸಾಲಿನ ತಲೆ ಎಣಿಸುತ್ತಾ ಹೋದರು. ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಸರ್ಕಾರ ಬಿತ್ತು. ಟೀವಿಯಲ್ಲಿ ಕಂಡದ್ದು ಗೆದ್ದವರ, ಸೋತವರ ಮುಖ. ಎಣಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಅದಕ್ಕೂ ಮುಂಚಿನ ವಾರಗಳಲ್ಲಿ ರೆಸಾರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಪ್ರತಿಯೊಂದು ಹೆಜ್ಜೆಗೂ ತಕರಾರು ಎದ್ದಿತ್ತು. ಈ ಎಣಿಕೆಯನ್ನು ಮಾತ್ರ ಎರಡೂ ಕಡೆಯವರು ಒಪ್ಪಿಕೊಂಡರು.

ಆ ನಂಬಿಕೆಗೆ ಒಂದು ಕಚೇರಿಯ ಬಲವಿದೆ. ಹೆಸರು ಕರ್ನಾಟಕ ವಿಧಾನಸಭೆಯ ಸಚಿವಾಲಯ. ವಿಧಾನ ಪರಿಷತ್ತಿಗೆ ಇಂಥದೇ ಇನ್ನೊಂದು ಪ್ರತ್ಯೇಕ ಸಚಿವಾಲಯ. ಎರಡೂ ವಿಧಾನಸೌಧದಲ್ಲೇ ಇರುವುದರಿಂದ ಇವೂ ಸರ್ಕಾರದ ಇಲಾಖೆಗಳೆಂದೇ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಇವು ಮುಖ್ಯಮಂತ್ರಿಯ ಕೈಕೆಳಗಿಲ್ಲ, ಮುಖ್ಯ ಕಾರ್ಯದರ್ಶಿಯ ಕೈಕೆಳಗೂ ಇಲ್ಲ. ವಿಧಾನಸಭೆಯ ಸಚಿವಾಲಯ ಸಭಾಧ್ಯಕ್ಷರಿಗೆ, ಪರಿಷತ್ತಿನದು ಸಭಾಪತಿಗೆ ಉತ್ತರ ಕೊಡಬೇಕು. ರಾಜ್ಯ ಶಾಸಕಾಂಗದ ಪ್ರತಿ ಸದನಕ್ಕೂ ಪ್ರತ್ಯೇಕ ಸಿಬ್ಬಂದಿ ಇರಬೇಕೆಂದು ಸಂವಿಧಾನದ 187ನೇ ವಿಧಿಯೇ ಹೇಳುತ್ತದೆ.

ಪ್ರತ್ಯೇಕ ಏಕೆ ಎಂಬುದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ದಿವಾನ್‌ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಬಂದ ಪ್ರತಿನಿಧಿಗಳು 144. ರಾಜರ ಆಳ್ವಿಕೆಯ ನಾಡಿನಲ್ಲಿ ಅದೊಂದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಸಭೆಯ ಅಧ್ಯಕ್ಷತೆ ವಹಿಸುತ್ತಿದ್ದವರು ದಿವಾನರೇ. ರೈತನೊಬ್ಬ ಕಂದಾಯದ ದೂರು ಹೇಳಿದರೆ ಕೇಳುವವರೂ ದಿವಾನರು, ಉತ್ತರಿಸುವವರೂ ದಿವಾನರು, ಮಾತು ಸಾಕು ಎನ್ನುವವರೂ ದಿವಾನರು. ಸಭೆಯ ನಡವಳಿಯನ್ನು ಅಚ್ಚು ಹಾಕಿಸುತ್ತಿದ್ದದ್ದೂ ಅವರದೇ ಸರ್ಕಾರ.

ದೆಹಲಿಯ ಕೇಂದ್ರ ಶಾಸನಸಭೆಯಲ್ಲೂ ಇದೇ ಕಥೆ. 1925ರಲ್ಲಿ ವಿಠ್ಠಲಭಾಯಿ ಪಟೇಲ್‌ ಅದರ ಮೊದಲ ಚುನಾಯಿತ ಭಾರತೀಯ ಅಧ್ಯಕ್ಷರಾದಾಗ ಅವರ ಕಚೇರಿಯ ನೌಕರರೆಲ್ಲ ಬ್ರಿಟಿಷ್‌ ಸರ್ಕಾರದ ಶಾಸನ ಇಲಾಖೆಯವರು. ಸರ್ಕಾರದ ವಿರುದ್ಧ ಬಂದ ನೋಟಿಸನ್ನು ಒಪ್ಪಬೇಕೇ ಬೇಡವೇ ಎಂದು ಅಧ್ಯಕ್ಷರಿಗೆ ಸಲಹೆ ಕೊಡಬೇಕಾದವರು ಆ ಸರ್ಕಾರದ ನೌಕರರೇ. ಪಟೇಲರು ಇದನ್ನು ಒಪ್ಪಲಿಲ್ಲ, ಪಟ್ಟು ಹಿಡಿದರು. 1928ರ ಸೆಪ್ಟೆಂಬರ್‌ 22ರಂದು ಮೋತಿಲಾಲ್‌ ನೆಹರೂ ಪ್ರತ್ಯೇಕ ಕಚೇರಿಗಾಗಿ ನಿರ್ಣಯ ಮಂಡಿಸಿದರು, ಸಭೆ ಒಪ್ಪಿತು. 1929ರ ಜನವರಿ 10ರಂದು ಹೊಸ ಇಲಾಖೆ ಹುಟ್ಟಿತು. 187ನೇ ವಿಧಿಯ ಬೇರು ಇರುವುದು ಅಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಪಟೇಲರ ಈ ಹೋರಾಟಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಈಗಿನ ಕೆಲಸಕ್ಕೆ ಬರೋಣ. ವಿಧಾನಸಭೆಯಲ್ಲಿ 224 ಸದಸ್ಯರು, ಪರಿಷತ್ತಿನಲ್ಲಿ 75. ಅಧಿವೇಶನ ಕರೆದಾಗ ಪ್ರತಿಯೊಬ್ಬ ಸದಸ್ಯರಿಗೂ ತಿಳಿಸುವುದು, ಕಾರ್ಯಕಲಾಪಗಳ ಪಟ್ಟಿ ಸಿದ್ಧಪಡಿಸುವುದು, ಲಘು ಪ್ರಕಟಣೆ ಹೊರಡಿಸುವುದು, ಸದನ ಅಂಗೀಕರಿಸಿದ ವಿಧೇಯಕದ ಪ್ರತಿಯನ್ನು ಸಭಾಧ್ಯಕ್ಷರ ಸಹಿಯೊಂದಿಗೆ ಮುಂದಕ್ಕೆ ಕಳಿಸುವುದು, ಗ್ರಂಥಾಲಯ, ಮಾರ್ಷಲ್‌ಗಳು, ಶಾಸಕರ ಭವನ, ವೇತನ, ಪ್ರಯಾಣ ಭತ್ಯೆ ಎಲ್ಲವೂ ಇವರ ಪಾಲಿಗೆ ಬರುತ್ತವೆ. ವಿಧೇಯಕದ ಕರಡು ಬರೆಯುವುದು ಮಾತ್ರ ಇವರಲ್ಲ. ಅದು ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಕೆಲಸ.

ಇಷ್ಟರಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು ಪ್ರಶ್ನೆಗಳ ಶಾಖೆ. ಸದನದಲ್ಲಿ ಬಾಯಿಮಾತಿನ ಉತ್ತರ ಬಯಸುವುದು ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರಕ್ಕೆ ಸೀಮಿತವಾದದ್ದು ಚುಕ್ಕೆ ರಹಿತ ಪ್ರಶ್ನೆ. ಪ್ರಶ್ನೆಯಲ್ಲಿ ವಾದ ಇರಕೂಡದು, ನಿಂದೆ, ವ್ಯಂಗ್ಯ, ಊಹೆ ಇರಕೂಡದು. ನ್ಯಾಯಾಲಯದ ಮುಂದಿರುವ ವಿಷಯವನ್ನು ಕೆದಕಕೂಡದು. ಶಾಸಕರೊಬ್ಬರು ತಮ್ಮ ಕ್ಷೇತ್ರದ ಕೆರೆಯ ಹೂಳೆತ್ತುವ ದುಡ್ಡನ್ನು ಯಾರು ನುಂಗಿದರು ಎಂದು ಕೇಳುತ್ತಾರೆ ಅಂದುಕೊಳ್ಳಿ. ಆ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಹಾಗೆಯೇ ಹೋದರೆ ಇಲಾಖೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಜಾರಿಕೊಳ್ಳುತ್ತದೆ. ನಿಯಮದ ಚೌಕಟ್ಟಿಗೆ ಬಂದಾಗ ಅದೇ ಪ್ರಶ್ನೆ ಹೀಗಾಗುತ್ತದೆ: ಅ) ಸದರಿ ಕೆರೆಯಲ್ಲಿ ಹೂಳು ತುಂಬಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಅನುದಾನವೆಷ್ಟು, ಇ) ಖರ್ಚಾದ ಮೊತ್ತವೆಷ್ಟು, ಕಾಮಗಾರಿ ಯಾವ ಹಂತದಲ್ಲಿದೆ? (ವಿವರ ನೀಡುವುದು). ಓದಲು ಸಪ್ಪೆ, ನಿಜ. ಆದರೆ ಈಗ ಪ್ರತಿ ಅಕ್ಷರದ ಎದುರಿಗೂ ಒಂದು ಉತ್ತರ ಬರಲೇಬೇಕು. ಮಂಜೂರಾತಿಗೂ ಖರ್ಚಿಗೂ ಇರುವ ಅಂತರ ಕಾಗದದ ಮೇಲೆ ಎದ್ದು ಕಾಣುತ್ತದೆ. ಸಪ್ಪೆ ಭಾಷೆಯ ಈ ಶಕ್ತಿಯನ್ನು ನಾವು ಪತ್ರಕರ್ತರು ಇನ್ನೂ ಚೆನ್ನಾಗಿ ಬಳಸಿಕೊಳ್ಳಬೇಕು.

ಉತ್ತರ ಬಂದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಮಂತ್ರಿಗಳು ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎನ್ನುತ್ತಾರೆ. ಕೇಳಿದವರಿಗೆ ಅದು ಬರೀ ಮಾತು. ಸಚಿವಾಲಯಕ್ಕೆ ಅದು ಭರವಸೆ. ನಡವಳಿಯಿಂದ ಅಂಥ ಮಾತುಗಳನ್ನು ಹೆಕ್ಕಿ ಪಟ್ಟಿ ಮಾಡಿ, ಅವು ಈಡೇರಿವೆಯೇ ಎಂದು ಇಲಾಖೆಗಳ ಬೆನ್ನು ಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಅರ್ಜಿಗಳ ಸಮಿತಿಗಳಂತೆ ಇದಕ್ಕೂ ಸಚಿವಾಲಯದವರೇ ಆಧಾರ. ಸರ್ಕಾರ ಬದಲಾಗುತ್ತದೆ, ಮಂತ್ರಿ ಬದಲಾಗುತ್ತಾರೆ, ಸಮಿತಿಯ ಸದಸ್ಯರೂ ಬದಲಾಗುತ್ತಾರೆ. ಕಡತ ಗೊತ್ತಿರುವ ಅಧಿಕಾರಿ ಮಾತ್ರ ಉಳಿದಿರುತ್ತಾರೆ.

ಇನ್ನು ವರದಿಗಾರರು. ಇವರು ಪತ್ರಿಕೆಯವರಲ್ಲ, ಸದನದ ನಡುವೆ, ಸಭಾಧ್ಯಕ್ಷರ ಪೀಠದ ಮುಂದೆ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವವರು. ಒಬ್ಬರು ಕೆಲವು ನಿಮಿಷ ಬರೆದು ಎದ್ದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಎದ್ದವರು ಒಳಗೆ ಹೋಗಿ ತಮ್ಮ ಗೆರೆಗಳನ್ನು ಅಕ್ಷರಕ್ಕೆ ಇಳಿಸುತ್ತಾರೆ. ಸುಲಭದ ಕೆಲಸವಲ್ಲ. ಬೀದರ್‌ನವರ ಕನ್ನಡ, ಮಂಗಳೂರಿನವರ ಕನ್ನಡ, ಚಾಮರಾಜನಗರದವರ ಕನ್ನಡ ಒಂದೇ ಗಂಟೆಯಲ್ಲಿ ಕಿವಿಗೆ ಬೀಳುತ್ತವೆ, ನಡುನಡುವೆ ಇಂಗ್ಲಿಷ್‌. ಹತ್ತು ಜನ ಒಟ್ಟಿಗೆ ಎದ್ದು ಬಾವಿಗಿಳಿದು ಕೂಗುವಾಗಲೂ ಯಾರು ಏನು ಹೇಳಿದರು ಎಂಬುದನ್ನು ಹಿಡಿಯಬೇಕು. ಈಗ ಧ್ವನಿಮುದ್ರಣ ಇದೆ, ಕ್ಯಾಮೆರಾ ಇದೆ. ಆದರೂ ಗದ್ದಲದಲ್ಲಿ ಮೈಕ್‌ ಇಲ್ಲದೆ ಆಡಿದ ಮಾತನ್ನು ಗುರುತಿಸಲು ಎದುರಿಗಿರುವ ಕಿವಿಯೇ ಬೇಕು. ಕಡತದಿಂದ ತೆಗೆಯಿರಿ ಎಂದು ಸಭಾಧ್ಯಕ್ಷರು ಹೇಳಿದರೆ ಆ ಪದ ಹೋಗಬೇಕು, ಅದರ ಅಕ್ಕಪಕ್ಕದ್ದು ಉಳಿಯಬೇಕು.

ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಬಂದವರು, 1972ರಲ್ಲಿ ತೀರಿಕೊಂಡರು. ಗೇಣಿದಾರರ ಪರ, ಕನ್ನಡದ ಪರ ಅವರು ಸದನದಲ್ಲಿ ಆಡಿದ ಮಾತು ಇವತ್ತು ನಮ್ಮ ಕೈಗೆ ಸಿಗುವುದು ಅಂದಿನ ಹೆಸರಿಲ್ಲದ ವರದಿಗಾರರ ಪೆನ್ಸಿಲ್ಲಿನಿಂದ. ದೇವರಾಜ ಅರಸು ಕಾಲದ ಭೂಸುಧಾರಣೆಯ ಚರ್ಚೆಗೂ, ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷೆ ಕೆ.ಎಸ್‌. ನಾಗರತ್ನಮ್ಮ ಪೀಠದಿಂದ ಕೊಟ್ಟ ತೀರ್ಪುಗಳಿಗೂ ಇದೇ ಮಾತು ಸಲ್ಲುತ್ತದೆ.

ಚಳಿಗಾಲ ಬಂತೆಂದರೆ ಈ ಕಚೇರಿಯ ದೊಡ್ಡ ಭಾಗ ಬೆಳಗಾವಿಗೆ ಹೊರಡುತ್ತದೆ. 2006ರಲ್ಲಿ ಮೊದಲ ಬಾರಿ ಅಲ್ಲಿ ಅಧಿವೇಶನ ನಡೆದಾಗ ಸ್ವಂತ ಕಟ್ಟಡ ಇರಲಿಲ್ಲ, ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ ಸದನ ಸೇರಿತ್ತು. 2012ರ ಅಕ್ಟೋಬರ್‌ 11ರಂದು ರಾಷ್ಟ್ರಪತಿ ಪ್ರಣವ್‌ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಕೆಲವೇ ದಿನಗಳ ಅಧಿವೇಶನಕ್ಕಾಗಿ ಕಡತ, ವರದಿಗಾರರು, ಮಾರ್ಷಲ್‌ಗಳು ಎಲ್ಲರೂ ಸುಮಾರು ಐನೂರು ಕಿಲೋಮೀಟರ್‌ ದೂರ ಹೋಗಬೇಕು. ಊಟ, ವಸತಿ, ವಾಹನಕ್ಕೆ ಜಿಲ್ಲಾಡಳಿತದ ನೆರವಿದ್ದರೂ ಸದನದೊಳಗಿನ ಕೆಲಸಕ್ಕೆ ಒಂದು ದಿನದ ರಿಯಾಯಿತಿಯೂ ಇಲ್ಲ.

ಒಂದು ಕೊರತೆಯನ್ನು ಹೇಳಲೇಬೇಕು. ಸಭಾಧ್ಯಕ್ಷರ ಸಂಬಳ ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುತ್ತದೆ, ಅದಕ್ಕೆ ಮತ ಬೇಕಿಲ್ಲ. ಸಿಬ್ಬಂದಿಯ ಸಂಬಳಕ್ಕೆ ಸಂವಿಧಾನದ ಆ ರಕ್ಷಣೆ ಇಲ್ಲ. ಅದು ಸರ್ಕಾರ ತರುವ ಬಜೆಟ್ಟಿನಲ್ಲೇ ಬರಬೇಕು. ಪಟೇಲರು ಬಯಸಿದ ಸ್ವಾತಂತ್ರ್ಯ ಹಣದ ವಿಷಯದಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ ಎಂದೇ ನನ್ನ ಅಭಿಪ್ರಾಯ. ಮೊದಲ ಬಾರಿ ಗೆದ್ದು ಬಂದ ಶಾಸಕರಿಗೆ ವಿಧೇಯಕವನ್ನು ಬಿಡಿಸಿ ಹೇಳುವ, ಬಜೆಟ್ಟಿನ ಅಂಕಿಗಳನ್ನು ತಾಳೆ ನೋಡಿ ಕೊಡುವ ಸಂಶೋಧಕರು ಸಚಿವಾಲಯದಲ್ಲಿ ಇನ್ನೂ ಹೆಚ್ಚಬೇಕು. ಆ ನೆರವು ಪಕ್ಷದ ಕಚೇರಿಯಿಂದ ಸಿಕ್ಕರೆ ಅದಕ್ಕೆ ಪಕ್ಷದ ಬಣ್ಣವೇ ಇರುತ್ತದೆ.

ಓದುಗರಿಗೆ ಉಪಯೋಗವಾಗುವ ಒಂದು ವಿಷಯ: ಸದನದ ಪ್ರಶ್ನೆ, ಉತ್ತರಗಳನ್ನು ವಿಧಾನಸಭೆಯ ಜಾಲತಾಣದಲ್ಲಿ ಹಾಕುತ್ತಾರೆ. ಅಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹುಡುಕಿ. ನಿಮ್ಮೂರಿನ ಶಾಲೆ, ಆಸ್ಪತ್ರೆ, ಕೆರೆಯ ಬಗ್ಗೆ ನಿಮ್ಮ ಶಾಸಕರು ಏನು ಕೇಳಿದ್ದಾರೆ, ಸರ್ಕಾರ ಎಷ್ಟು ಹಣ ಕೊಟ್ಟೆನೆಂದು ಬರೆದುಕೊಟ್ಟಿದೆ ಎಂಬುದು ಮಂತ್ರಿಗಳ ಸಹಿಯೊಂದಿಗೆ ಸಿಗುತ್ತದೆ. ಆ ಹಾಳೆಯನ್ನು ಅಚ್ಚು ಮಾಡಿಸಿಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ.