ವರ ಒಬ್ಬರದು, ಉಪಯೋಗ ಸಭೆಯದು

ಕ್ರೈಸ್ತ ನಂಬಿಕೆಯಲ್ಲಿ ವರವೆಂದರೆ, ಹಲವರಿಗೆ ಮುಟ್ಟಲೆಂದು ದೇವರು ಒಬ್ಬರ ಕೈಗೆ ಕೊಟ್ಟ ಸಾಮರ್ಥ್ಯ. ಹಾಡುವ ಕಂಠ, ಕಲಿಸುವ ಜಾಣ್ಮೆ, ರೋಗಿಯ ಪಕ್ಕ ಬೇಸರಿಸದೆ ಕೂರುವ ತಾಳ್ಮೆ, ಲೆಕ್ಕಪತ್ರವನ್ನು ಅಚ್ಚುಕಟ್ಟಾಗಿ ಇಡುವ ಗುಣ ಎಲ್ಲವೂ ಇದರಲ್ಲಿ ಸೇರುತ್ತವೆ. ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪ್ರವಾದನೆಯ ಜೊತೆಗೇ ದಾನ ಕೊಡುವುದನ್ನೂ ದಯೆ ತೋರುವುದನ್ನೂ ಎಣಿಸಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅವನ ದನಿ ಇನ್ನೂ ಖಾರ. ಒಂದೇ ದೇಹದಲ್ಲಿದ್ದುಕೊಂಡು ಕಣ್ಣು ಕೈಯನ್ನು ಬೇಡವೆನ್ನುವ ಹಾಗಿಲ್ಲ. ದುರ್ಬಲವೆಂದು ತೋರುವ ಅಂಗವೇ ಹೆಚ್ಚು ಅಗತ್ಯದ್ದು ಎನ್ನುವುದು ಅವನ ವಾದ.

ಸಭೆಗಳಲ್ಲಿ ‘ತಲಾಂತು’ ಎಂಬ ಮಾತು ಬಂದದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮತಿಯಿಂದ. ಊರು ಬಿಟ್ಟು ಹೋಗುವ ಧಣಿ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸುತ್ತಾನೆ. ಒಂದು ತಲಾಂತೆಂದರೆ ಆ ಕಾಲದ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಒಂದೇ ಸಿಕ್ಕವನಿಗೂ ಸಿಕ್ಕಿದ್ದು ಚಿಲ್ಲರೆಯಲ್ಲ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಧಣಿಯಿಂದ ಬಂದ ಶಾಬಾಸ್‌ಗಿರಿ ಒಂದೇ. ಬೈಗುಳ ತಿಂದವನು ಹೆದರಿ ನೆಲದಲ್ಲಿ ಹೂತಿಟ್ಟವನು. ಜಾಸ್ತಿ ಗಳಿಸಿದವನನ್ನೇ ಕೊಂಡಾಡುವ ಪ್ರಸಂಗಗಳು ಈ ಸಮಾನ ಮೆಚ್ಚುಗೆಯನ್ನು ಮರೆಯುತ್ತವೆ.

ಬೆಳಗಾವಿಯಂಥ ಗಡಿಯೂರಿನಲ್ಲಿ ಹೆಚ್ಚು ಕೆಲಸಕ್ಕೆ ಬಂದ ವರ ಯಾವುದೆಂದರೆ ಭಾಷೆ. ಇಲ್ಲಿನ ಕ್ರೈಸ್ತರ ಮನೆಮಾತು ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಂದು ಹಂಚಿಹೋಗಿದೆ. ಹೊರಗಿನಿಂದ ಬಂದ ಬೋಧಕರು ಮಾತಾಡುವ ಕೂಟದಲ್ಲಿ ಪಕ್ಕದ ಮೈಕಿನ ಮುಂದೆ ಅನುವಾದಕರೊಬ್ಬರು ನಿಲ್ಲುವುದುಂಟು. ಬೋಧಕರು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಅದು ಕನ್ನಡದಲ್ಲೋ ಮರಾಠಿಯಲ್ಲೋ ಜನರಿಗೆ ಮುಟ್ಟಬೇಕು. ವಾಕ್ಯ ಉದ್ದವಾದರೆ ಅನುವಾದಕರು ನಡುವೆಯೇ ತುಂಡರಿಸಬೇಕು, ನಗೆಮಾತು ಬಂದರೆ ಊರಿಗೆ ಹೊಂದುವ ಹಾಗೆ ತಿರುಗಿಸಬೇಕು. ಕೂಟ ಮುಗಿದ ಮೇಲೆ ಜನ ನೆನೆಯುವುದು ಬೋಧಕರನ್ನು. ಕೊರಿಂಥದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಪ್ರಾರ್ಥನೆಯ ಆವೇಶದಲ್ಲಿ ಬರುವ ಅನ್ಯಭಾಷೆಯ ಬಗ್ಗೆ. ಆದರೂ ಅರ್ಥ ಬಿಡಿಸಿ ಹೇಳುವವರಿಲ್ಲದಿದ್ದರೆ ಸಭೆಗೆ ಲಾಭವಿಲ್ಲ ಎಂಬ ಅವನ ತೀರ್ಮಾನ ಈ ಊರಿಗೂ ಹೊಂದುತ್ತದೆ.

ಇತಿಹಾಸದಲ್ಲೂ ಭಾಷೆ ಮತ್ತು ಪಾಠವೇ ಮುಂದೆ ಕಾಣುತ್ತವೆ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು 1820ರಲ್ಲಿ ಬೆಳಗಾವಿಯ ಮಿಷನ್ ಶುರುಮಾಡಿದರು. ಅವರ ಜೊತೆ ದುಡಿದ ವಿಲಿಯಂ ಬೆನನ್ ಅವರ ಹೆಸರು ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಇಂದಿಗೂ ಉಳಿದಿದೆ. 1904ರಲ್ಲಿ ಈ ಮಿಷನ್ ಮೆಥಡಿಸ್ಟರ ಕೈಗೆ ಹೋಯಿತು. ಕಥೋಲಿಕರ ಸೇಂಟ್ ಪಾಲ್ಸ್ ಹೈಸ್ಕೂಲ್ 1856ರದು. ಬೆಳಗಾವಿ ಧರ್ಮಪ್ರಾಂತ್ಯ ರೂಪುಗೊಂಡದ್ದು ಅದಕ್ಕೆ ಸುಮಾರು ನೂರು ವರ್ಷದ ಮೇಲೆ, 1953ರಲ್ಲಿ. ಇಂಥ ಶಾಲೆಗಳ ಬೆಂಚಿನಲ್ಲಿ ಕೂತ ಮಕ್ಕಳಲ್ಲಿ ಕ್ರೈಸ್ತರಲ್ಲದವರೇ ಬಹಳ. ಕಲಿಸುವ ವರ ಸಭೆಯ ಗೋಡೆ ದಾಟಿದ್ದು ಹೀಗೆ.

ನೆರೆಯ ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರದು ಇನ್ನೂ ವಿಶಾಲ ಉದಾಹರಣೆ. ಬಾಸೆಲ್ ಮಿಷನ್ನಿನ ಬೋಧಕರಾಗಿದ್ದ ಅವರು ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ಪಾಠ ಹೋಲಿಸಿ, 1924ರಲ್ಲಿ ಪುಸ್ತಕವಾಗಿ ತಂದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪ್ರಸಂಗಪೀಠದ ಆಚೆಗೂ ಒಂದು ವರಕ್ಕೆ ಎಷ್ಟು ಕೆಲಸವಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಈ ಸೀಮೆಯಲ್ಲಿ ಸಿಗುವುದು ಕಷ್ಟ.

ತನಗೆ ಯಾವ ವರವಿದೆ ಎಂದು ಒಬ್ಬರೇ ಕೂತು ನಿರ್ಧರಿಸುವ ಪದ್ಧತಿ ಸಭೆಯಲ್ಲಿಲ್ಲ. ಭಾನುವಾರ ಶಾಲೆಯಲ್ಲಿ ಒಂದು ತರಗತಿ, ಗಾಯನ ತಂಡದಲ್ಲಿ ಒಂದು ಹಾಡು, ಆರಾಧನೆಯಲ್ಲಿ ಒಂದು ವಾಚನ ಎಂದು ಮೊದಲು ಚಿಕ್ಕ ಕೆಲಸ ಬರುತ್ತದೆ. ಹಾಡಲು ಆಸೆ ಇದ್ದೂ ಶ್ರುತಿ ಕೂಡದವರಿಗೆ ಅದನ್ನು ನಯವಾಗಿ ತಿಳಿಸುವುದೂ ಸಭೆಯ ಹೊಣೆಯೇ. ಹಾಗೆಯೇ ಕೈಲಾಗುವ ಒಬ್ಬರ ಮೇಲೆಯೇ ಎಲ್ಲವನ್ನೂ ಹೇರಿ ದಣಿಸುವುದು ಉಳಿದವರ ತಲಾಂತನ್ನು ಹೂತಿಟ್ಟಂತೆ.

ಖಾನಾಪುರ ತಾಲ್ಲೂಕಿನ ಪಡುವಣ ಭಾಗದಲ್ಲಿ ಈ ಮಾತಿಗೆ ತೂಕ ಹೆಚ್ಚು. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆ ಕಾಡು ದಟ್ಟ, ಮಳೆ ಜೋರು, ಮನೆಗಳು ದೂರ ದೂರ. ಇಂಥ ಕಡೆ ಗುರುಗಳು ಎಲ್ಲ ಹಳ್ಳಿಗೂ ಪ್ರತಿ ವಾರ ಮುಟ್ಟುವುದು ಸುಲಭವಲ್ಲ. ಮಕ್ಕಳಿಗೆ ಪ್ರಾರ್ಥನೆ ಕಲಿಸಲು, ಸಾವಿನ ಮನೆಯಲ್ಲಿ ಜಪ ನಡೆಸಲು ಊರಿನಲ್ಲೇ ಇರುವ ಉಪದೇಶಿಗಳು ಬೇಕು. ಅಂಥವರಲ್ಲಿ ಹೊಲಗದ್ದೆ ನೋಡಿಕೊಂಡೇ ಈ ಕೆಲಸ ಮಾಡುವ ಗೃಹಸ್ಥರೂ ಇರುತ್ತಾರೆ. ಕಥೋಲಿಕ ಸಭೆಯಲ್ಲಿ ಜನಸಾಮಾನ್ಯರ ವರಗಳಿಗೆ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಒತ್ತು ಕೊಟ್ಟಿತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ವಿಧ್ಯುಕ್ತವಾಗಿ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಯ ಕೆಲಸಕ್ಕೂ ಸ್ಥಾಪಿತ ಸೇವೆಯ ಮಾನ್ಯತೆ ಕೊಟ್ಟರು.